ಬಾಲನಟ ನಾಗೇಂದ್ರರಾಯರು

ನಾಟಕ ಮಂಡಲಿಗಳು ಊರಿಂದೂರಿಗೆ ತಿರುಗುತ್ತಿದ್ದ ಕಾಲದಲ್ಲಿ ಬಾಲನಟರಿಗೆ ಬರವಿರಲಿಲ್ಲ. ಕಂಠವೊಂದು ಚೆನ್ನಾಗಿದ್ದರೆ ಸಾಕು, ಹುಡುಗನು ಮನೆಯನ್ನೂ ಶಾಲೆಯನ್ನೂ ಬಿಟ್ಟು ಮಂಡಲಿಯನ್ನು ಸೇರುತ್ತಿದ್ದನು. ಲೋಹಿತಾಶ್ವನೋ ಧ್ರುವನೋ ಆಗಿ ಜನರನ್ನು ಅಳಿಸುತ್ತಿದ್ದನು. ಸ್ವಲ್ಪ ಬೆಳೆದ ಮೇಲೆ ಸ್ತ್ರೀವೇಷವನ್ನು ತೊಡುತ್ತಿದ್ದನು. ದನಿಯೊಡೆದು ಮೀಸೆ ಮೂಡಿತೆಂದರೆ ಅವನನ್ನು ಕೇಳುವವರಿರಲಿಲ್ಲ. ಹಾಗೆ ಕೈಬಿಟ್ಟುಹೋದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಆ ಗಂಡಾಂತರವನ್ನು ದಾಟಿದವರಲ್ಲಿ ರಟ್ಟಿಹಳ್ಳಿ ನಾಗೇಂದ್ರರಾಯರು ಒಬ್ಬರು. ಅವರು ನಮ್ಮ ಚಿತ್ರದುರ್ಗ ಜಿಲ್ಲೆಯವರೇ ಎಂಬುದನ್ನು ದೇವಸಮುದ್ರದ ಕಡೆಯ ವಾಚಕರಿಗೆ ನೆನಪು ಮಾಡಿಕೊಡುವುದು ಉಚಿತವೆಂದು ನಾವು ಭಾವಿಸುತ್ತೇವೆ. ಜಿಲ್ಲೆಯ ಒಂದು ಕೊನೆಗೆ ದೇವಸಮುದ್ರವಾದರೆ ಇನ್ನೊಂದು ಕೊನೆಗೆ ಹೊಳಲ್ಕೆರೆ. ರಾಯರು ಜನಿಸಿದುದು ಆ ಹೊಳಲ್ಕೆರೆಯಲ್ಲಿ, 1896ನೆಯ ಇಸವಿಯಲ್ಲಿ.

ಎಂಟು ವರ್ಷದ ಬಾಲಕನಾಗಿಯೇ ಅವರು ರಂಗವನ್ನೇರಿದರು. ಪುಸ್ತಕ ಹಿಡಿಯಬೇಕಾದ ವಯಸ್ಸಿನಲ್ಲಿ ಬಣ್ಣ ಹಚ್ಚಿದುದು ಒಳ್ಳೆಯದೆಂದು ನಾವು ಹೇಳಲಾರೆವು. ಆದರೆ ಆ ಬಾಲಕನು ತನ್ನ ವೇಷವೊಂದನ್ನೇ ಒಪ್ಪಿಸಿ ಸುಮ್ಮನಾಗಲಿಲ್ಲ. ಸಂಗೀತವನ್ನು ಕಲಿತನು, ಪ್ರಯೋಗದ ಮರ್ಮಗಳನ್ನು ಕಣ್ಣಿಟ್ಟು ಗ್ರಹಿಸಿದನು. ದನಿಯೊಡೆದ ಮೇಲೂ ಅನ್ನ ತಪ್ಪದಿದ್ದುದು ಇದರಿಂದಲೇ ಎಂದು ನಮ್ಮ ಎಣಿಕೆ.

1931ರಲ್ಲಿ ಮುಂಬಯಿಯಲ್ಲಿ 'ಆಲಂ ಆರಾ' ಮಾತನಾಡಿದಾಗ ಮಂಡಲಿಗಳ ಎದೆ ನಡುಗಿತು. ರಾಯರು ಹೆದರಿ ಕುಳಿತುಕೊಳ್ಳಲಿಲ್ಲ. ಮುಂಬಯಿಗೆ ಹೋಗಿ ತಮಿಳು ವಾಕ್ಚಿತ್ರದಲ್ಲಿ ವೇಷ ಕಟ್ಟಿ ಆ ವಿದ್ಯೆಯ ಪರಿಚಯ ಮಾಡಿಕೊಂಡರು. ಕನ್ನಡದಲ್ಲಿಯೂ ಇದು ಆಗಬೇಕೆಂಬ ಹಂಬಲಕ್ಕೆ ಬೆಂಗಳೂರಿನಲ್ಲಿದ್ದ ಚಮನಲಾಲ್ ಡೂಂಗಾಜಿಯವರ ಧನಬಲ ಒದಗಿತು. ಕನ್ನಡನಾಡಿನಲ್ಲಿ ಅದಕ್ಕೆ ತಕ್ಕ ಸ್ಟೂಡಿಯೋ ಇರಲಿಲ್ಲವಾದುದರಿಂದ ನಟವರ್ಗವೆಲ್ಲ ಕೊಲ್ಹಾಪುರಕ್ಕೆ ಹೊರಟಿತು. ಅಲ್ಲಿ ಸುಮಾರು ಎರಡು ತಿಂಗಳಲ್ಲಿ, ಸುಮಾರು 40,000 ರೂಪಾಯಿ ವೆಚ್ಚದಲ್ಲಿ ತಯಾರಾದುದು 'ಸತಿ ಸುಲೋಚನ'. ವೈ.ವಿ. ರಾಯರ ನಿರ್ದೇಶನ, ಬೆಳ್ಳಾವೆ ನರಹರಿಶಾಸ್ತ್ರಿಗಳ ಸಾಹಿತ್ಯ, ಸುಬ್ಬಯ್ಯನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ. ನಾಗೇಂದ್ರರಾಯರು ರಾವಣನಾದುದಲ್ಲದೆ ಸಂಗೀತದ ಹೊಣೆಯಲ್ಲಿಯೂ ಪಾಲುಗೊಂಡರು. 1934ರ ಮಾರ್ಚಿ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ ಅದು, ಜನರ ಮುಂದೆ ಬಂದ ಮೊದಲ ಕನ್ನಡ ವಾಕ್ಚಿತ್ರ. ಅದರ ಪ್ರತಿಯೊಂದೂ ಈಗ ಉಳಿದಿಲ್ಲ. ತಾಮ್ರಪಟಗಳನ್ನು ಹೂಳಿಟ್ಟು ಕಾಪಾಡಿದ ನಾಡು ತನ್ನ ಮೊದಲ ಮಾತಿನ ಚಿತ್ರವನ್ನು ಕಾಯಲಾರದೆ ಹೋಯಿತೆಂಬುದು ನಮಗೆ ಸಹಿಸಲಾಗದ ಮಾತು.

ಚಿತ್ರವೊಂದು ಗೆದ್ದಿತೆಂದು ಹೊಟ್ಟೆ ತುಂಬುವ ಕಾಲವಲ್ಲ ಅದು. ನಾಯ್ಡುಗಳೂ ರಾಯರೂ ಜೊತೆಗೂಡಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಲಿಯನ್ನು ನಡೆಸಿದರು. 1941ರ 'ವಸಂತಸೇನಾ'ದಲ್ಲಿ ನಾಯ್ಡುಗಳು ಚಾರುದತ್ತ, ರಾಯರು ಶಕಾರ. ದಶಕಂಠನಾಗಿ ಗರ್ಜಿಸಿದವನೇ ರಾಜನ ಮೈದುನನೆಂಬ ಮದದಿಂದ ಹಲ್ಲುಗಿಂಜುವ ಮೂಢನಾಗಿಯೂ ನಿಲ್ಲಬಲ್ಲನೆಂಬುದು ಸಾಮಾನ್ಯ ಸಂಗತಿಯಲ್ಲ. ನಾಯಕನ ವೇಷವೇ ಬೇಕೆಂಬ ಹಟ ಅವರಿಗಿರಲಿಲ್ಲ. 1943ರ 'ಸತ್ಯ ಹರಿಶ್ಚಂದ್ರ'ವನ್ನು ಅವರೇ ನಿರ್ದೇಶಿಸಿದರು. ಅದಕ್ಕೆ ಮರುವರ್ಷ ತಮಿಳಿನ ಮಾತುಗಳನ್ನು ಕೂಡಿಸಿ ತೋರಿಸಲಾಯಿತು. ಹೀಗೆ ಭಾಷೆ ಬದಲಿಸಿದ ಚಿತ್ರಗಳಲ್ಲಿ ಭಾರತದಲ್ಲೇ ಮೊದಮೊದಲಿನದು. 1947ರಲ್ಲಿ 'ಮಹಾತ್ಮ ಕಬೀರ್' ಬಂದಿತು. 1953ರ 'ಜಾತಕ ಫಲ'ವನ್ನು ಕನ್ನಡ, ತಮಿಳು, ತೆಲುಗು ಮೂರರಲ್ಲಿಯೂ ತೆಗೆದರು. ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆಯಾಡುವ ದೇವಸಮುದ್ರದ ಗಡಿಜನಕ್ಕೆ ಇದು ಸೋಜಿಗವೆನಿಸದು. 1957ರ 'ಪ್ರೇಮದ ಪುತ್ರಿ'ಗೆ ರಾಷ್ಟ್ರಪತಿಗಳ ರಜತ ಪದಕ ದೊರೆಯಿತು.

ಅವರ ಮಕ್ಕಳೂ ಈ ವೃತ್ತಿಯನ್ನೇ ಹಿಡಿದರು: ಜಯಗೋಪಾಲರು ಗೀತರಚನೆಯಲ್ಲಿ, ಪ್ರಸಾದರು ಛಾಯಾಗ್ರಹಣದಲ್ಲಿ, ಸುದರ್ಶನರು ನಟನೆಯಲ್ಲಿ. ಸುದರ್ಶನರನ್ನು 1961ರ 'ವಿಜಯನಗರದ ವೀರಪುತ್ರ'ದಲ್ಲಿ ನಾಯಕನಾಗಿ ನಿಲ್ಲಿಸಿದವರು ತಂದೆಯೇ. ಗಮನಿಸಬೇಕಾದುದೇನೆಂದರೆ, ಎಂಟನೆಯ ವಯಸ್ಸಿನಲ್ಲಲ್ಲ, ಪ್ರಾಯಕ್ಕೆ ಬಂದ ಮೇಲೆ.

1968ರಲ್ಲಿ ತ್ರಿವೇಣಿಯವರ ಕಾದಂಬರಿಯನ್ನಾಧರಿಸಿದ 'ಹಣ್ಣೆಲೆ ಚಿಗುರಿದಾಗ' ತೆರೆಗೆ ಬಂದಾಗ ರಾಯರಿಗೆ ಎಪ್ಪತ್ತು ಮೀರಿತ್ತು. ಅದರಲ್ಲಿನ ವೃದ್ಧ ತಂದೆಯ ಪಾತ್ರವೇ ಇಂದಿನವರಿಗೆ ಅವರ ಪರಿಚಯ. 1976ರಲ್ಲಿ ಪದ್ಮಶ್ರೀ ಬಂದಿತು. ಮರುವರ್ಷದ ಫೆಬ್ರವರಿಯಲ್ಲಿ ಅವರು ಕಾಲವಾದರು.