ಫಿಲಿಪ್ ಹೆನ್ರಿ ಗಾಸ್

ಫಿಲಿಪ್ ಹೆನ್ರಿ ಗಾಸ್ (6 ಏಪ್ರಿಲ್ 1810 – 23 ಆಗಸ್ಟ್ 1888) ಇಂಗ್ಲೆಂಡಿನ ನಿಸರ್ಗವಿಜ್ಞಾನಿ, ಚಿತ್ರಕಾರ ಹಾಗೂ ಲೇಖಕರು. ಕಡಲಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿ ದೀರ್ಘಕಾಲ ಬದುಕಿಸುವ ವಿಧಾನವನ್ನು ರೂಪಿಸಿದವರಲ್ಲಿ ಇವರು ಪ್ರಮುಖರು. ಅಕ್ವೇರಿಯಂ ಎಂಬ ಪದವು ಈಗಿನ ಅರ್ಥದಲ್ಲಿ ಜನಬಳಕೆಗೆ ಬಂದುದು ಇವರ ಪುಸ್ತಕಗಳಿಂದ.

ಆರಂಭಿಕ ಜೀವನ

ಗಾಸ್ ಅವರು ವೂಸ್ಟರ್ ನಗರದಲ್ಲಿ ಜನಿಸಿದರು. ತಂದೆ ಥಾಮಸ್ ಗಾಸ್ ಊರೂರು ಸುತ್ತಿ ಕಿರುಭಾವಚಿತ್ರಗಳನ್ನು ಬರೆಯುತ್ತಿದ್ದ ಕಲಾವಿದ. ಬಾಲ್ಯವು ಪೂಲ್ ಎಂಬ ಬಂದರು ಪಟ್ಟಣದಲ್ಲಿ ಕಳೆಯಿತು. 1827ರಲ್ಲಿ ನ್ಯೂಫೌಂಡ್‌ಲೆಂಡ್‌ಗೆ ತೆರಳಿ ವ್ಯಾಪಾರಿ ಸಂಸ್ಥೆಯೊಂದರಲ್ಲಿ ಗುಮಾಸ್ತರಾದರು. ಆಮೇಲೆ ಕೆನಡಾದಲ್ಲಿ ಬೇಸಾಯ, ಅಲಬಾಮಾದಲ್ಲಿ ಶಾಲಾ ಶಿಕ್ಷಕ ವೃತ್ತಿ, ಎರಡೂ ಕೈಹಿಡಿಯಲಿಲ್ಲ. 1844ರಿಂದ 1846ರವರೆಗೆ ಜಮೈಕಾದಲ್ಲಿದ್ದು ಪಕ್ಷಿ, ಕೀಟಗಳನ್ನು ಸಂಗ್ರಹಿಸಿದರು. 1848ರಲ್ಲಿ ಎಮಿಲಿ ಬೋಸ್ ಅವರನ್ನು ವಿವಾಹವಾದರು.

ತೊಟ್ಟಿಯೊಳಗಿನ ಕಡಲು

ಕಡಲಜೀವಿಗಳನ್ನು ಮನೆಯಲ್ಲಿ ಸಾಕುವ ಪ್ರಯತ್ನ ಗಾಸ್ ಅವರಿಂದಲೇ ಆರಂಭವಾದುದಲ್ಲ. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಟಾರ್ಕಿ ತೀರದಿಂದ ಹವಳಗಳನ್ನು ಲಂಡನ್ನಿಗೆ ತಂದಿದ್ದರು. ನೀರಿಗೆ ಗಾಳಿ ಬೆರೆಯಲೆಂದು ಅವರ ಮನೆಯ ಸೇವಕಿ ತೆರೆದ ಕಿಟಕಿಯ ಮುಂದೆ ನಿಂತು ಪಾತ್ರೆಯಿಂದ ಪಾತ್ರೆಗೆ ಅದನ್ನು ಸುರಿಯಬೇಕಾಗಿತ್ತು. ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಸಿಹಿನೀರಿನ ಪ್ರಯೋಗವೊಂದನ್ನು ಪ್ರಕಟಿಸಿದರು. ಮೀನು ಉಸಿರಾಡಿ ಬಿಟ್ಟುದನ್ನು ಜಲಸಸ್ಯ ಬಳಸಿಕೊಂಡು ಆಮ್ಲಜನಕ ಕೊಡುತ್ತದೆ, ಕೊಳೆತ ಎಲೆಗಳನ್ನು ಬಸವನಹುಳು ತಿಂದು ನೀರನ್ನು ತಿಳಿಯಾಗಿಡುತ್ತದೆ ಎಂಬುದು ಅದರ ಸಾರ.

1852ರಲ್ಲಿ ಆರೋಗ್ಯ ಕೆಟ್ಟು ಡೆವನ್ ಕರಾವಳಿಗೆ ಹೋದ ಗಾಸ್, ಅಲ್ಲಿ ಇದೇ ತತ್ತ್ವವನ್ನು ಉಪ್ಪುನೀರಿನಲ್ಲಿ ಪರೀಕ್ಷಿಸಿದರು. ಉಲ್ವಾ ಎಂಬ ಹಸಿರು ಕಡಲಪಾಚಿ ಈ ಕೆಲಸಕ್ಕೆ ಎಲ್ಲಕ್ಕಿಂತ ಯೋಗ್ಯವೆಂದು ಕಂಡಿತು. ಗಾಜಿಗೆ ಅಂಟುವ ಪಾಚಿಯನ್ನು ಕೆರೆದು ತಿನ್ನಲು ಪೆರಿವಿಂಕಲ್ ಎಂಬ ಕಡಲ ಬಸವನಹುಳುವನ್ನು ನೆಚ್ಚಿಕೊಂಡರು. ಇಲ್‌ಫ್ರಕೂಂಬ್‌ನಲ್ಲಿ ದೊರೆತ ಬಾಲನೋಫಿಲಿಯ ರೀಜಿಯ ಎಂಬ ಹವಳವನ್ನು ಹೊಸ ಪ್ರಭೇದವೆಂದು ವಿವರಿಸಿದವರೂ ಇವರೇ. ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ 1853ರ ಮೇ ತಿಂಗಳಲ್ಲಿ ತೆರೆದ ಮತ್ಸ್ಯಗೃಹವು ಜಗತ್ತಿನ ಮೊದಲ ಸಾರ್ವಜನಿಕ ಅಕ್ವೇರಿಯಂ ಎನಿಸಿದೆ. ಅದಕ್ಕೆ ಗಾಸ್ ಅವರು ಕಡಲಜೀವಿಗಳನ್ನು ಒದಗಿಸಿದರು.

ಕೃತಕ ಕಡಲನೀರು

ಒಳನಾಡಿನವರಿಗೆ ಕಡಲನೀರು ತರಿಸುವುದು ದುಬಾರಿಯಾಗಿತ್ತು. ಅದನ್ನು ಬೆರೆಸಿಯೇ ತಯಾರಿಸಬಹುದೇ ಎಂದು 1854ರಲ್ಲಿ ಗಾಸ್ ಪ್ರಯತ್ನಿಸಿದರು. ನಾಲ್ಕು ಕ್ವಾರ್ಟ್‌ಗಿಂತ (ಸುಮಾರು ನಾಲ್ಕೂವರೆ ಲೀಟರ್) ತುಸು ಕಡಿಮೆ ನೀರಿಗೆ 3½ ಔನ್ಸ್ ಅಡುಗೆ ಉಪ್ಪು, ¼ ಔನ್ಸ್ ಎಪ್ಸಂ ಲವಣ, 200 ಗ್ರೇನ್ ಮೆಗ್ನೀಷಿಯಂ ಕ್ಲೋರೈಡ್ ಮತ್ತು 40 ಗ್ರೇನ್ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸುವುದು ಅವರ ಸೂತ್ರ. ಬೆರೆಸಿದ ಕೂಡಲೇ ಪ್ರಾಣಿಗಳನ್ನು ಬಿಡಲಿಲ್ಲ. ತಳಕ್ಕೆ ಕಡಲತೀರದ ಹರಳುಗಳನ್ನು ಹರಡಿ, ಉಲ್ವಾ ನೆಟ್ಟು, ಅದರ ಬೀಜಕಣಗಳು ನೀರಿನಲ್ಲಿ ಹರಡಲೆಂದು ಕಾದು, ಬಳಿಕವೇ ಜೀವಿಗಳನ್ನು ಬಿಟ್ಟರು. ಅವು ಬದುಕಿದವು. ತ್ಯಾಜ್ಯದಿಂದ ಹುಟ್ಟುವ ಅಮೋನಿಯವನ್ನು ಸೂಕ್ಷ್ಮಜೀವಿಗಳು ನೈಟ್ರೇಟಾಗಿ ಮಾರ್ಪಡಿಸುತ್ತವೆ ಎಂಬುದು ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ. ಇಂದಿಗೂ ಹೊಸ ತೊಟ್ಟಿಯನ್ನು ಹದಗೊಳಿಸಲು ವಾರಗಟ್ಟಲೆ ಕಾಯುವುದು ಆ ಸೂಕ್ಷ್ಮಜೀವಿಗಳು ನೆಲೆಗೊಳ್ಳಲಿ ಎಂದೇ.

ಸೂತ್ರದಲ್ಲಿ ಒಂದು ಗಮನಾರ್ಹ ಕೊರತೆಯಿತ್ತು. ಕಡಲನೀರಿನಲ್ಲಿರುವ ಸುಣ್ಣದ ಲವಣಗಳ ಪ್ರಮಾಣ ಅತ್ಯಲ್ಪವೆಂದು ಗಾಸ್ ಅವುಗಳನ್ನು ಕೈಬಿಟ್ಟಿದ್ದರು. ಅನಿಮೋನಿಗಳಿಗೆ ಅದರಿಂದ ಬೇಗನೆ ತೊಂದರೆ ಕಾಣದಿರಬಹುದು. ಆದರೆ ಹವಳವು ತನ್ನ ಅಸ್ಥಿಯನ್ನು ಕಟ್ಟುವುದೇ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ಸಹಜ ಕಡಲನೀರಿನಲ್ಲಿ ಲೀಟರಿಗೆ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ದೊಡ್ಡ ಹವಳದ ತೊಟ್ಟಿಗಳನ್ನು ನಿರ್ವಹಿಸುವವರು ಇಂದು ಈ ಪ್ರಮಾಣವನ್ನೂ ಕ್ಷಾರತೆಯನ್ನೂ ಮತ್ತೆ ಮತ್ತೆ ಅಳೆದು ಸರಿದೂಗಿಸುತ್ತಾರೆ.

ನಂತರದ ವರ್ಷಗಳು

1854ರಲ್ಲಿ ‘ದಿ ಅಕ್ವೇರಿಯಂ’ ಪ್ರಕಟವಾಗಿ ಬಹಳ ಜನಪ್ರಿಯವಾಯಿತು. ಮರುವರ್ಷ ಅಗ್ಗದ ಕೈಪಿಡಿಯೂ ಬಂದಿತು. 1856ರಲ್ಲಿ ಗಾಸ್ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. 1857ರ ಫೆಬ್ರವರಿಯಲ್ಲಿ ಎಮಿಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಅದೇ ವರ್ಷ, ಭೂಮಿಯು ಹಳೆಯದೆಂಬ ಲಕ್ಷಣಗಳೊಂದಿಗೇ ಸೃಷ್ಟಿಯಾಯಿತೆಂದು ವಾದಿಸಿದ ‘ಆಂಫಲಾಸ್’ ಗ್ರಂಥವನ್ನು ವಿಜ್ಞಾನಿಗಳೂ ಒಪ್ಪಲಿಲ್ಲ, ಧಾರ್ಮಿಕರೂ ಒಪ್ಪಲಿಲ್ಲ. ಗಾಸ್ ಅವರು ಮಗ ಎಡ್ಮಂಡ್‌ನೊಂದಿಗೆ ಡೆವನ್‌ನ ಸೇಂಟ್ ಮೇರಿಚರ್ಚ್‌ನಲ್ಲಿ ನೆಲೆಸಿ, ಬ್ರಿಟನ್ನಿನ ಅನಿಮೋನಿ ಮತ್ತು ಹವಳಗಳ ಕುರಿತ ಸಚಿತ್ರ ಗ್ರಂಥವನ್ನು 1860ರಲ್ಲಿ ಪೂರ್ಣಗೊಳಿಸಿದರು. ಅದೇ ವರ್ಷ ಎಲೈಜಾ ಬ್ರೈಟ್ವೆನ್ ಅವರನ್ನು ವಿವಾಹವಾದರು.

ಉಪ್ಪುನೀರನ್ನು ಮನೆಯಲ್ಲೇ ಬೆರೆಸಬಹುದಾಗಿತ್ತು, ಜೀವಿಗಳನ್ನಲ್ಲ. ಪುಸ್ತಕಗಳನ್ನು ಓದಿದ ಹವ್ಯಾಸಿಗಳು ಉಳಿ, ಬುಟ್ಟಿ ಹಿಡಿದು ಡೆವನ್ ತೀರಕ್ಕೆ ಬಂದರು. ತಲೆಮಾರುಗಳಿಂದ ಯಾರೂ ಮುಟ್ಟದಿದ್ದ ಬಂಡೆಹೊಂಡಗಳು ಕೆಲವೇ ವರ್ಷಗಳಲ್ಲಿ ಬರಿದಾದವು. ಮುಂದೆ ಹೆಸರಾಂತ ಸಾಹಿತಿಯಾದ ಎಡ್ಮಂಡ್, 1907ರ ‘ಫಾದರ್ ಅಂಡ್ ಸನ್’ ಕೃತಿಯಲ್ಲಿ ಈ ನಾಶವನ್ನು ವಿವರಿಸಿ, ಅದಕ್ಕೆ ತನ್ನ ಬರಹಗಳೇ ದಾರಿಮಾಡಿದ್ದು ತಂದೆಯನ್ನು ನೋಯಿಸಿತ್ತೆಂದು ದಾಖಲಿಸಿದ್ದಾರೆ. ಗಾಸ್ ಅವರು 1888ರಲ್ಲಿ ಸೇಂಟ್ ಮೇರಿಚರ್ಚ್‌ನಲ್ಲೇ ನಿಧನರಾದರು.