ಬಾಗಿಲು ತೆರೆದು ಬಾಗಿಲು ಕಾದ ಪಂಡಿತಾ ರಮಾಬಾಯಿಯವರು



ಕೆಲವು ವರುಷಗಳ ಹಿಂದೆ ಕೊತ್ತಗೆರೆಯ ಕಡೆಯಲ್ಲಿ ಒಂದು ಮಳೆಯ ಸಂಜೆ, ಇಬ್ಬರು ಮಕ್ಕಳ ಕೈಹಿಡಿದುಕೊಂಡು ಒಬ್ಬ ತಾಯಿಯು ಪ್ರಾರ್ಥನಾಲಯದ ಜಗುಲಿಗೆ ಬಂದು ಕುಳಿತಳು. ಗಂಡನು ಬಿಟ್ಟುಹೋಗಿದ್ದನು, ಬಾಡಿಗೆ ಕೊಡಲಾರದೆ ಮನೆಯೂ ಹೋಗಿತ್ತು. ಸಭೆಯವರು ಅನ್ನವನ್ನೂ ಚಾಪೆಯನ್ನೂ ಕೊಟ್ಟರು. ಮೂರನೆಯ ದಿನ ಬಿಳೀ ಅಂಗಿ ತೊಟ್ಟ ಒಬ್ಬನು ಬಂದು, ತಾನೂ ವಿಶ್ವಾಸಿಯೆಂದು ಹೇಳಿಕೊಂಡು, ಹಿರಿಯ ಹುಡುಗಿಗೆ ಬೆಂಗಳೂರಿನ ಒಳ್ಳೇ ಮನೆಯೊಂದರಲ್ಲಿ ಕೆಲಸವನ್ನೂ ಓದನ್ನೂ ಕೊಡಿಸುವೆನೆಂದನು. ದೇವರೇ ಇವನನ್ನು ಕಳುಹಿಸಿದನೆಂದು ನಾವು ಸಂತೋಷಪಟ್ಟೆವು. ಆಗ ಸಭೆಯ ಒಬ್ಬ ಮುದುಕಿಯು ಅವನ ಊರು ಯಾವದು, ಅವನ ಸಭಾಪಾಲಕರು ಯಾರು, ಆ ಮನೆಯ ಯಜಮಾನರ ಹೆಸರೇನು ಎಂದು ಮೂರು ಮಾತು ಕೇಳಿದಳು. ಮರುದಿನ ಬಂದು ಎಲ್ಲವನ್ನೂ ತಿಳಿಸುವೆನೆಂದು ಹೇಳಿ ಹೋದವನು ತಿರಿಗಿ ಬರಲೇ ಇಲ್ಲ.

ಅವನು ಕೆಟ್ಟವನೋ ಅಲ್ಲವೋ ಕರ್ತನೇ ಬಲ್ಲನು. ಆದರೆ ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಸೆಮಿನೇರಿಯಲ್ಲಿ ಓದಿದ ನಮಗೆ ತೋಚದೆ ಹೋದದ್ದು ಅಕ್ಷರ ಬಾರದ ಆ ಮುದುಕಿಗೆ ತೋಚಿತ್ತು. ದಿಕ್ಕಿಲ್ಲದವರಿಗೆ ಬಾಗಿಲು ತೆರೆಯುವದು ಪ್ರೀತಿಯಾದರೆ, ಆ ಬಾಗಿಲಲ್ಲಿ ನಿಂತು ವಿಚಾರಿಸುವದೂ ಅದೇ ಪ್ರೀತಿಯಲ್ಲವೇ? ಈ ಪಾಠವನ್ನು ತನ್ನ ಜೀವಮಾನವೆಲ್ಲಾ ನಡೆದು ತೋರಿಸಿದ ಒಬ್ಬ ಅಮ್ಮನವರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ. ಅವರು ಪಂಡಿತಾ ರಮಾಬಾಯಿಯವರು.

ಅವರ ಹೆಸರು ಪುಣೆಯ ಸೀಮೆಯಲ್ಲಿ ಪ್ರಸಿದ್ಧವಾದರೂ ಅವರು ಹುಟ್ಟಿದ್ದು ನಮ್ಮ ಕನ್ನಡ ನಾಡಿನ ಮಲೆಗಳಲ್ಲಿಯೇ. ತುಂಗೆಯೂ ಭದ್ರೆಯೂ ಹುಟ್ಟುವ ಗಂಗಾಮೂಲದ ಅಡವಿಯಲ್ಲಿ 1858ನೇ ಇಸವಿ ಏಪ್ರಿಲ್ 23ರಂದು ಅವರು ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಗಸರಿಗೆ ಸಂಸ್ಕೃತ ಕಲಿಸಬಾರದೆಂದು ಪಂಡಿತರು ವಿರೋಧಿಸಿದರೂ ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿದರು; ಆ ತಾಯಿಯೇ ಮಗಳಿಗೆ ಗುರುವಾದಳು. ಬಂದ ಶಿಷ್ಯರಿಗೂ ಅತಿಥಿಗಳಿಗೂ ಅನ್ನವಿಕ್ಕಿ ಆ ಮನೆಯು ಬಡವಾಯಿತು. ಕೂಸು ಆರು ತಿಂಗಳಿನದಾಗಿದ್ದಾಗ ಸಂಸಾರವು ಅಡವಿಯನ್ನು ಬಿಟ್ಟು ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿದ ಕೂಸನ್ನು ಆಳೊಬ್ಬನು ತಲೆಯ ಮೇಲೆ ಹೊತ್ತು ಬೆಟ್ಟವಿಳಿದನು. ಹೀಗೆ ಈ ಅಮ್ಮನವರು ಮಾತು ಬರುವದಕ್ಕೆ ಮುಂಚೆಯೇ ಮನೆಯಿಲ್ಲದವರಾದರು.

ತರುವಾಯ ವರುಷಗಟ್ಟಲೆ ಆ ಸಂಸಾರವು ಪುರಾಣ ಹೇಳುತ್ತಾ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯಿತು. 1870ರ ದಶಕದ ಕ್ಷಾಮದಲ್ಲಿ ತಂದೆಯೂ ತಾಯಿಯೂ ಅಕ್ಕನೂ ಒಬ್ಬರ ಹಿಂದೊಬ್ಬರು ಸತ್ತರು. ಉಳಿದ ಅಣ್ಣನೊಡನೆ ರಮಾಬಾಯಿಯವರು ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ತಿರುಗಿ, 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಅವರ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನು ಸತ್ತನು. ಅದೇ ವರುಷ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ವಿವಾಹವಾಯಿತು. 1882ರಲ್ಲಿ ಅವರೂ ತೀರಿಕೊಂಡರು. ಇಪ್ಪತ್ತಮೂರು ವರುಷ ಪ್ರಾಯದ ವಿಧವೆಗೆ ಮನೋರಮೆಯೆಂಬ ಹಸುಗೂಸೊಂದೇ ಉಳಿಯಿತು.

1883ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ, ವಾಂಟೇಜ್ ಎಂಬ ಊರಿನಲ್ಲಿ ಅದೇ ವರುಷ ಮಗಳೊಡನೆ ದೀಕ್ಷಾಸ್ನಾನ ಹೊಂದಿದರು. ಅಲ್ಲಿಂದ ಅಮೇರಿಕಕ್ಕೆ ಹೋಗಿ, ವಿಧವೆಯರಿಗಾಗಿ ಒಂದು ಮನೆ ಕಟ್ಟುವದಕ್ಕೆ ಸಹಾಯ ಕೂಡಿಸಿ, 1889ರ ಮಾರ್ಚ್ 11ರಂದು ಬೊಂಬಾಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರುಷ ಅದು ಪುಣೆಗೆ ಬಂತು. ಹುಡುಗಿಯರು ಕ್ರಿಸ್ತನ ಮಾರ್ಗಕ್ಕೆ ಒಲಿಯುತ್ತಿದ್ದಾರೆಂಬ ಗದ್ದಲವೆದ್ದು, 1893ರಲ್ಲಿ ಅನೇಕ ಪಾಲಕರು ತಮ್ಮ ಮಕ್ಕಳನ್ನು ಕರೆದುಕೊಂಡು ಹೋದರು. ಉಳಿದವರನ್ನು ಅಮ್ಮನವರು ತಾಳ್ಮೆಯಿಂದ ಓದಿಸಿದರು. ಮುಂದೆ ದೊಡ್ಡ ಕಾಲ ಬಂದಾಗ ಈ ಉಳಿದವರೇ ಅವರಿಗೆ ಕೈಯೂ ಕಣ್ಣೂ ಆದರು.

ಅಮ್ಮನವರು ಯಾಕೆ ಅಷ್ಟು ಎಚ್ಚರವುಳ್ಳವರಾದರೆಂಬದನ್ನು ಇಲ್ಲಿ ಹೇಳಬೇಕು. ಒಂದು ಸಾರಿ ಅವರು ಯಾತ್ರಿಕಳ ವೇಷದಲ್ಲಿ ಮಥುರೆಗೂ ವೃಂದಾವನಕ್ಕೂ ಹೋಗಿ, ಅಲ್ಲಿದ್ದ ವಿಧವೆಯರ ಪಾಡನ್ನು ಕಣ್ಣಾರೆ ನೋಡಿದರು. ದಲ್ಲಾಳಿಗಳು ಊರೂರು ತಿರುಗಿ, ಪುಣ್ಯದ ಮಾತಾಡಿ, ವಿಧವೆಯರನ್ನು ಕ್ಷೇತ್ರಕ್ಕೆ ಕರತರುತ್ತಿದ್ದರು. ಕೈಯಲ್ಲಿದ್ದ ಹಣ ಮುಗಿದ ಮೇಲೆ ಅವರನ್ನು ಪಾಪದ ಬಾಳಿಗೆ ನೂಕುತ್ತಿದ್ದರು. ಕೇಡು ಮಾಡುವವನು ಕತ್ತಿ ಹಿಡಿದು ಬರುವದಿಲ್ಲ, ಕರುಣೆಯ ಮುಖದಿಂದಲೇ ಬರುತ್ತಾನೆಂದು ಅವರು ಅಲ್ಲಿ ಕಲಿತರು.

1896ರಲ್ಲಿ ಮಧ್ಯಪ್ರಾಂತ್ಯಗಳಲ್ಲಿ ಘೋರ ಕ್ಷಾಮ ಬಿತ್ತು. ತಾವು ಹಸಿದು ಅಲೆದ ದಿನಗಳನ್ನು ನೆನಸಿ ಅಮ್ಮನವರು ಅಲ್ಲಿಗೆ ಹೊರಟರು. ಸರಕಾರದ ಗಂಜಿಕೇಂದ್ರಗಳಲ್ಲಿಯೂ ಬಡವರ ಬಿಡಾರಗಳಲ್ಲಿಯೂ ಅವರು ಕಂಡದ್ದು ಹಸಿವನ್ನು ಮಾತ್ರವಲ್ಲ. ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಹುಡುಕುತ್ತಾ ಕೆಟ್ಟ ಗಂಡಸರೂ ಕೆಟ್ಟ ಹೆಂಗಸರೂ ಅಲ್ಲಿ ಸುಳಿದಾಡುತ್ತಿದ್ದರು; ಕಾಯಬೇಕಾದ ಮೇಸ್ತ್ರಿಗಳಲ್ಲಿಯೇ ಕೆಲವರು ಅನ್ನದ ಆಸೆ ತೋರಿಸಿ ಮಾನ ಕೆಡಿಸುತ್ತಿದ್ದರು. ಅನ್ನವಿದ್ದೂ ಕಾವಲಿಲ್ಲದ ಆಶ್ರಯವು ಬೇಟೆಗಾರನ ಬಲೆಯಾಗಬಲ್ಲದೆಂದು ಅವರು ತಿಳಿದರು. ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ರಕ್ಷಿಸಿ ಕರತಂದರು.

ಆದರೆ ಪುಣೆಯಲ್ಲಿ ಪ್ಲೇಗು ಹಬ್ಬಿದ್ದರಿಂದ ಅಷ್ಟು ಜನರನ್ನು ಊರೊಳಗೆ ಇಡಕೂಡದೆಂದು ಅಧಿಕಾರಿಗಳು ತಡೆದರು. ಪುಣೆಗೆ ಸುಮಾರು ಮೂವತ್ತನಾಲ್ಕು ಮೈಲಿ ದೂರದ ಕೇಡಗಾಂವಿನಲ್ಲಿ ಅಮ್ಮನವರು ಮುಂಚೆಯೇ ನೂರು ಎಕರೆಯಷ್ಟು ಹೊಲವನ್ನು ಕೊಂಡಿದ್ದರು. ಅಲ್ಲಿ ಡೇರೆಗಳನ್ನೂ ಗುಡಿಸಲುಗಳನ್ನೂ ಹಾಕಿಸಿ ಮಕ್ಕಳನ್ನು ಇಳಿಸಿದರು. 1897ರಲ್ಲಿ, ತಮ್ಮ ಮನೆಯಿಂದ ಪ್ಲೇಗಿನ ಆಸ್ಪತ್ರೆಗೆ ಒಯ್ಯಲ್ಪಟ್ಟ ಒಬ್ಬ ಹುಡುಗಿಯು ಕೈತಪ್ಪಿಹೋದಳೆಂದು ತಿಳಿದಾಗ ಅವರು ಸುಮ್ಮನಿರಲಿಲ್ಲ. ಅಂಥಾ ಬಿಡಾರಗಳಲ್ಲಿ ಹೆಂಗಸರಿಗೆ ಕಾವಲಿಲ್ಲವೆಂದು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಬೊಂಬಾಯಿಯ ಗವರ್ನರರು ಅದನ್ನು ಅಲ್ಲಗಳೆದರು. ಆದರೂ ಅಮ್ಮನವರು ತಮ್ಮ ಮಾತನ್ನು ಬಿಡಲಿಲ್ಲ. ನೂರಾರು ಮಂದಿ ಸುರಕ್ಷಿತರಾಗಿದ್ದರೂ ಕಾಣೆಯಾದ ಒಬ್ಬಳಿಗಾಗಿ ಅವರ ಮನಸ್ಸು ಉರಿಯಿತು. ಕುರುಬನ ಮನಸ್ಸು ಹೀಗಲ್ಲವೇ ಇರುವದು?

1898ರಲ್ಲಿ ಕೇಡಗಾಂವಿನಲ್ಲಿ ಮುಕ್ತಿ ಸದನಕ್ಕೆ ಅಸ್ತಿವಾರ ಹಾಕಲಾಯಿತು. 1900ರಲ್ಲಿ ಗುಜರಾತಿನ ಕಡೆ ಮತ್ತೊಂದು ಕ್ಷಾಮ ಬಿದ್ದು, ಅಲ್ಲಿಂದ ಸಾವಿರಕ್ಕೂ ಹೆಚ್ಚು ಮಂದಿ ಬಂದು ಸೇರಿದರು. ಒಟ್ಟು ಜನರು ಸುಮಾರು ಎರಡು ಸಾವಿರವಾದರು. ರೋಗದಿಂದಲೂ ನಿತ್ರಾಣದಿಂದಲೂ ಅನೇಕರು ಸತ್ತರು. ಆ ದುಃಖವನ್ನು ಮರೆಮಾಡಲಾಗದು. ಆದರೂ ಅಷ್ಟು ಜನರ ನಡುವೆ ಅಮ್ಮನವರು ಇಟ್ಟ ಕ್ರಮವನ್ನು ನಾವು ಗಮನಿಸಬೇಕು.

ಮೊದಲನೆಯದು, ಮಕ್ಕಳನ್ನು ಕಾಯುವವರನ್ನು ಅವರು ಬೀದಿಯಿಂದ ಕರೆಯಲಿಲ್ಲ. ಶಾರದಾ ಸದನದಲ್ಲಿ ತಮ್ಮ ಕಣ್ಣೆದುರಿಗೆ ವರುಷಗಟ್ಟಲೆ ಬೆಳೆದ, ನಡತೆಯನ್ನು ಬಲ್ಲ ಹೆಂಗಸರನ್ನೇ ಉಪಾಧ್ಯಾಯಿನಿಯರಾಗಿಯೂ ಮೇಲ್ವಿಚಾರಕಿಯರಾಗಿಯೂ ನೇಮಿಸಿ, ಒಬ್ಬೊಬ್ಬಳ ವಶಕ್ಕೆ ಒಂದೊಂದು ಗುಂಪನ್ನು ಒಪ್ಪಿಸಿದರು. ಎರಡನೆಯದು, ಎಲ್ಲರನ್ನೂ ಒಂದೇ ಸೂರಿನಡಿ ತುಂಬಲಿಲ್ಲ. ಪಾಪದ ಬಾಳಿಗೆ ಸಿಕ್ಕಿ ನೊಂದು ಬಂದ ಹೆಂಗಸರಿಗೆ 1899ರಲ್ಲಿ ಕೃಪಾ ಸದನವೆಂಬ ಬೇರೆ ಮನೆ ಮಾಡಿದರು; ಮುದುಕಿಯರಿಗೆ ಪ್ರೀತಿ ಸದನ; ಗಂಡು ಹುಡುಗರಿಗೆ ಸದಾನಂದ ಸದನ. ಹೀಗೆ ಬೇರ್ಪಡಿಸಿದ್ದು ಯಾರನ್ನೂ ಹೀನವಾಗಿ ಕಂಡದ್ದರಿಂದಲ್ಲ. ಒಬ್ಬೊಬ್ಬರಿಗೆ ಒಂದೊಂದು ವಿಧವಾದ ಆರೈಕೆ ಬೇಕೆಂದೇ. ಮೂರನೆಯದು, ಯಾರೂ ಇನ್ನೊಬ್ಬರ ಕೈನೋಡಿ ಬಾಳದಂತೆ ನೇಯಿಗೆ, ಬೇಸಾಯ, ಎಣ್ಣೆಯ ಗಾಣ, ಅಚ್ಚುಕೂಟ ಮುಂತಾದ ಕೆಲಸಗಳನ್ನು ಕಲಿಸಿದರು. ದುಡಿದು ಉಣ್ಣಬಲ್ಲವಳನ್ನು ದಲ್ಲಾಳಿಯು ಸುಲಭವಾಗಿ ಮರುಳುಮಾಡಲಾರನು.

ಅಮ್ಮನವರು ಸತ್ಯವೇದವನ್ನು ಸುಲಭವಾದ ಮರಾಠಿಗೆ ತಿರುಗಿಸುವದರಲ್ಲಿ ಕಡೆಯ ವರುಷಗಳನ್ನು ಕಳೆದರು. ನಮ್ಮ ಕಲಬುರಗಿಯಲ್ಲಿಯೂ, ಅದು ನಿಜಾಮರ ಸೀಮೆಯಾಗಿದ್ದಾಗ, 1912ರ ಹೊತ್ತಿಗೆ ಮಗಳು ಮನೋರಮೆಯವರ ಮೂಲಕ ಒಂದು ಶಾಲೆಯನ್ನು ತೆರೆದರು. 1921ರಲ್ಲಿ ಆ ಮಗಳು ತಾಯಿಗಿಂತ ಮುಂಚೆ ತೀರಿಕೊಂಡರು; 1922ರ ಏಪ್ರಿಲ್ 5ರಂದು ಅಮ್ಮನವರೂ ಕರ್ತನಲ್ಲಿ ನಿದ್ರೆಹೋದರು. ಅವರು ಕಟ್ಟಿದ ಮುಕ್ತಿ ಮಿಷನ್ನು ಈಗಲೂ ಕೇಡಗಾಂವಿನಲ್ಲಿ ನಡೆಯುತ್ತಿದೆ.

ಪ್ರಿಯರೇ, ಈ ಚರಿತ್ರೆಯಿಂದ ನಮ್ಮ ಹಳ್ಳಿಯ ಸಭೆಗಳು ಏನು ಕಲಿಯಬೇಕು? ವಿಚಾರಿಸುವದು ಅವಿಶ್ವಾಸವೆಂದು ನಮ್ಮಲ್ಲಿ ಕೆಲವರು ನೆನಸುತ್ತಾರೆ. ಹಾಗಲ್ಲ. ಜಗುಲಿಗೆ ಬಂದ ತಾಯಿಗೆ ಮೊದಲು ಅನ್ನವಿಕ್ಕಿರಿ, ಆಮೇಲೆ ಮೆಲ್ಲಗೆ ಅವಳ ಕಥೆಯನ್ನು ಕೇಳಿರಿ. ಆದರೆ ಅವಳ ಮಕ್ಕಳ ಹತ್ತಿರ ಬರುವವನನ್ನು, ಅವನು ವೇದಪುಸ್ತಕ ಹಿಡಿದು ಬಂದರೂ, ಹಿರಿಯನಾಗಿದ್ದರೂ, ಉಪದೇಶಕನಾಗಿದ್ದರೂ ಸರಿ, ಮೊದಲೇ ಕೇಳಿರಿ. ಮಕ್ಕಳ ಬಳಿ ರಾತ್ರಿ ಒಬ್ಬ ಗಂಡಸನ್ನೇ ಕಾವಲಿಡಬೇಡಿರಿ. ನಮ್ಮನ್ನೂ ಕೇಳಿರಿ, ನಾವು ಬೇಸರಪಡುವದಿಲ್ಲ.

ದೇಶದ ಕಾನೂನೂ ಇದನ್ನೇ ಬೇಡುತ್ತದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮಕ್ಕಳನ್ನು ಇಟ್ಟುಕೊಳ್ಳುವ ಮನೆಯು ನೋಂದಾಯಿತವಾಗಿರಬೇಕು. ಒಂಟಿಯಾಗಿ ಸಿಕ್ಕಿದ ದಿಕ್ಕಿಲ್ಲದ ಮಗುವನ್ನು ಇಪ್ಪತ್ತನಾಲ್ಕು ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಮಕ್ಕಳಿರುವ ಸಂಸ್ಥೆಯ ಪ್ರತಿಯೊಬ್ಬ ಕೆಲಸಗಾರನ ಪೂರ್ವವೃತ್ತಾಂತವನ್ನು ಪೊಲೀಸರ ಮೂಲಕ ಆಗಾಗ್ಗೆ ವಿಚಾರಿಸಬೇಕೆಂದು 2020ರ ಪೋಕ್ಸೋ ನಿಯಮಗಳು ವಿಧಿಸಿವೆ. ಅಡಿಗೆಯವನೂ ಕಾವಲುಗಾರನೂ ಇದಕ್ಕೆ ಹೊರತಲ್ಲ. ಮಗುವಿಗೆ ಕೇಡಾಗಿದೆಯೆಂದು ತಿಳಿದರೆ ಸಭೆಯ ಮಾನ ಹೋಗುವದೆಂದು ಮುಚ್ಚಿಡಬಾರದು. 1098 ಎಂಬ ಸಂಖ್ಯೆಗೆ ಫೋನು ಮಾಡಿದರೆ ಸಹಾಯ ದೊರೆಯುವದು. ಮುಚ್ಚಿಟ್ಟ ಪಾಪದಿಂದಲೇ ಸಭೆಯ ಮಾನವು ನಿಜವಾಗಿ ಹೋಗುವದು.

ಆ ಮಳೆಗಾಲದ ತಾಯಿಯು ಈಗ ನಮ್ಮ ಸಭೆಯವಳೇ. ಹೊಲಿಗೆ ಕಲಿತು, ಬಾಡಿಗೆಯ ಮನೆ ಹಿಡಿದು, ಮಕ್ಕಳನ್ನು ಓದಿಸುತ್ತಿದ್ದಾಳೆ. ಮೂರು ಮಾತು ಕೇಳಿದ ಮುದುಕಿಯು ಕರ್ತನ ಬಳಿಗೆ ಹೋಗಿಬಿಟ್ಟಳು. ಅವಳ ಜಾಗದಲ್ಲಿ ನಿಲ್ಲುವವರು ಪ್ರತಿಯೊಂದು ಸಭೆಯಲ್ಲಿಯೂ ಎದ್ದುಬರಲಿ. ಕುರಿಹಟ್ಟಿಯ ಬಾಗಿಲನ್ನು ಕಾಯುವ ಒಳ್ಳೇ ಕುರುಬನು ನಮಗೆ ತೆರೆದ ಕೈಯನ್ನೂ ಎಚ್ಚರವಾದ ಕಣ್ಣನ್ನೂ ದಯಪಾಲಿಸಲಿ. ಆಮೆನ್.