ಗಾಂಧೀಜಿಯವರೂ ಅವರ ಜಠರವೂ

ಸಾಬರಮತಿಯ ಆಶ್ರಮವನ್ನು ನೋಡದ ಮಗು ನಮ್ಮ ಶಾಲೆಯಲ್ಲಿ ಇರಲಾರದು. ವರ್ಷಕ್ಕೊಮ್ಮೆ ನಾವು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೃದಯಕುಂಜಕ್ಕೆ ಕರೆದೊಯ್ಯುತ್ತೇವೆ. ಚರಕವನ್ನು ತೋರಿಸುತ್ತೇವೆ, ದಂಡಿಯ ಕಥೆಯನ್ನು ಹೇಳುತ್ತೇವೆ. ಒಂದು ಸಲ ಐದನೆಯ ತರಗತಿಯ ಹುಡುಗನೊಬ್ಬನು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಬಾಪೂಜಿಯವರು ಇಲ್ಲಿ ಏನನ್ನು ಊಟಮಾಡುತ್ತಿದ್ದರೆಂದು ಕೇಳಿದನು. ಅವನ ಡಬ್ಬಿಯಲ್ಲಿ ಅಂದು ರೊಟ್ಟಿಯೂ ಶೇಂಗಾ ಚಟ್ನಿಯೂ ಇದ್ದುವು. ನಾವು ಅರೆಬರೆಯಾಗಿ ಏನೋ ಉತ್ತರ ಕೊಟ್ಟು ಮುಂದೆ ನಡೆದೆವು. ಮನೆಗೆ ಬಂದ ಮೇಲೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಅವರ ಆತ್ಮಕಥೆಯನ್ನು ಮತ್ತೆ ತೆರೆದಾಗ, ರಾಜಕೀಯದಷ್ಟೇ ವಿಸ್ತಾರವಾಗಿ ಅವರು ತಮ್ಮ ಹೊಟ್ಟೆಯ ವಿಚಾರವನ್ನು ಬರೆದಿರುವುದು ಕಂಡುಬಂದಿತು. ಪಚನೇಂದ್ರಿಯಗಳ ಪಾಠವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುವುದಕ್ಕಿಂತ ಈ ಜೀವನಚರಿತ್ರೆಯಿಂದ ಕಲಿಸುವುದು ಮೇಲೆಂದು ನಮಗೆ ತೋರಿತು.

ಮೋಹನದಾಸ ಕರಮಚಂದ ಗಾಂಧಿಯವರು 1869ನೆಯ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದರು. ವೈಷ್ಣವ ಮನೆತನ, ತಾಯಿ ಪುತಲೀಬಾಯಿಯವರು ಕಠಿಣ ಉಪವಾಸಗಳ ವ್ರತಸ್ಥೆ. ರಾಜಕೋಟೆಯಲ್ಲಿ ಓದುತ್ತಿದ್ದಾಗ ಗೆಳೆಯನೊಬ್ಬನು, ಮಾಂಸ ತಿಂದರೆ ಇಂಗ್ಲಿಷರಂತೆ ಬಲಶಾಲಿಗಳಾಗುವೆವೆಂದು ನಂಬಿಸಿ, ನದಿಯ ದಡದಲ್ಲಿ ಗುಟ್ಟಾಗಿ ಆಡಿನ ಮಾಂಸವನ್ನು ತಿನ್ನಿಸಿದನು. ಆ ರಾತ್ರಿ ಹುಡುಗನಿಗೆ ನಿದ್ರೆ ಬರಲಿಲ್ಲ. ಹೊಟ್ಟೆಯೊಳಗೆ ಜೀವಂತ ಆಡೊಂದು ಅರಚಿದಂತಾಗುತ್ತಿತ್ತು. ಜಠರಕ್ಕೆ ಆಡೂ ಒಂದೇ, ಅವರೆಯೂ ಒಂದೇ. ಅದರ ಗೋಡೆಯಿಂದ ಜಿನುಗುವ ಆಮ್ಲವೂ ಪೆಪ್ಸಿನ್ ಎಂಬ ಪಾಚಕವೂ ಎರಡರ ಸಸಾರಜನಕವನ್ನೂ ಒಂದೇ ರೀತಿಯಲ್ಲಿ ಒಡೆಯುತ್ತವೆ. ಅರಚಿದ್ದು ಮನಸ್ಸು. ಆದರೆ ಮನಸ್ಸಿಗೂ ಜಠರಕ್ಕೂ ನರಗಳ ಸಂಬಂಧವಿದೆ. ಅಮೆರಿಕದಲ್ಲಿ 1822ರಲ್ಲಿ ಗುಂಡು ತಗುಲಿ ಹೊಟ್ಟೆಯಲ್ಲಿ ತೂತು ಉಳಿದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬಾತನ ಜಠರದೊಳಕ್ಕೆ ಬೋಮಾಂಟ್ ಎಂಬ ವೈದ್ಯನು ರೇಷ್ಮೆಯ ದಾರಕ್ಕೆ ಆಹಾರದ ತುಣುಕುಗಳನ್ನು ಕಟ್ಟಿ ಇಳಿಬಿಟ್ಟು, ಅವು ಕರಗುವ ಬಗೆಯನ್ನು ವರ್ಷಗಟ್ಟಲೆ ಪರೀಕ್ಷಿಸಿದನು. ಆತನು ಸಿಟ್ಟುಗೊಂಡಾಗ ಪಚನವು ಕೆಡುವುದನ್ನೂ ವೈದ್ಯನು ಕಂಡನು.

1888ರಲ್ಲಿ ಲಂಡನ್ನಿಗೆ ಹೊರಡುವ ಮುನ್ನ ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟರು. ಅಲ್ಲಿ ಉಪ್ಪುಖಾರವಿಲ್ಲದ ಬೇಯಿಸಿದ ಸೊಪ್ಪನ್ನು ತಿಂದು ಅರೆಹೊಟ್ಟೆಯಲ್ಲಿ ಅಲೆದಾಡಿ, ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರದ ಭೋಜನಶಾಲೆಯೊಂದನ್ನು ಕಂಡು ಹಿಗ್ಗಿದರು. ರುಚಿಯ ನೆಲೆ ನಾಲಗೆಯಲ್ಲ, ಮನಸ್ಸು ಎಂಬುದು ಅಲ್ಲಿ ಅವರು ಕಂಡುಕೊಂಡ ವಿಚಾರ. ಊರು ಬಿಟ್ಟು ಬಂದು ಮೊದಲ ಸಲ ಗುಜರಾತಿನ ಸಿಹಿ ತೊವ್ವೆಯನ್ನು ಉಂಡ ನಮಗೆ ಈ ಮಾತನ್ನು ನಂಬಲು ಎರಡು ವರ್ಷ ಹಿಡಿಯಿತು.

1893ರಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ಹೋದರು. ಜೋಹಾನ್ಸ್‌ಬರ್ಗಿನಲ್ಲಿ ವಕೀಲಿ ನಡೆಸುತ್ತಿದ್ದಾಗ ಮಲಬದ್ಧತೆಯೂ ತಲೆನೋವೂ ಅವರನ್ನು ಕಾಡಿದುವು; ಆಗಾಗ ಭೇದಿಯ ಔಷಧವನ್ನು ಸೇವಿಸಬೇಕಾಗುತ್ತಿತ್ತು. ಬೆಳಗಿನ ಉಪಾಹಾರವನ್ನು ಬಿಟ್ಟರು. ತಲೆನೋವು ಹೋಯಿತು, ಮಲಬದ್ಧತೆ ಹೋಗಲಿಲ್ಲ. ಬಳಿಕ ತಣ್ಣೀರಿನಲ್ಲಿ ಕಲಸಿದ ಶುದ್ಧ ಮಣ್ಣನ್ನು ಬಟ್ಟೆಯಲ್ಲಿ ಹರಡಿ ಹೊಟ್ಟೆಗೆ ಕಟ್ಟಿಕೊಳ್ಳತೊಡಗಿದರು. ಅದು ಮದ್ದೆಂದೇ ಕೊನೆಯವರೆಗೂ ಅವರ ನಂಬಿಕೆ. ನಾವು ಅದನ್ನು ಪಾಠವಾಗಿ ಹೇಳುವುದಿಲ್ಲ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರು ಉದ್ದದ ನಾಳ. ಪಚನವಾಗದೆ ಉಳಿದುದರಿಂದ ನೀರನ್ನು ಹೀರಿಕೊಳ್ಳುವುದು ಅದರ ಮುಖ್ಯ ಕೆಲಸ. ಅಲ್ಲಿ ಮಲವು ಹೆಚ್ಚು ಹೊತ್ತು ನಿಂತರೆ ನೀರೆಲ್ಲ ಆರಿ ಗಟ್ಟಿಯಾಗುತ್ತದೆ. ನಾರುಳ್ಳ ಸೊಪ್ಪು, ಕಾಳು, ಹಣ್ಣುಗಳು ನೀರನ್ನು ಹಿಡಿದಿಟ್ಟು ಅದನ್ನು ಮುಂದಕ್ಕೆ ನೂಕುತ್ತವೆ. ಗಾಂಧೀಜಿಯವರ ಊಟದಲ್ಲಿ ಹಣ್ಣುಹಂಪಲುಗಳು ಹೆಚ್ಚಿದುದು ಮಣ್ಣಿನ ಪಟ್ಟಿಗಿಂತ ಹೆಚ್ಚು ಉಪಕಾರ ಮಾಡಿರಬೇಕು.

1912ರಲ್ಲಿ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರು ಹಾಲನ್ನು ಬಿಟ್ಟರು. ಕಲ್ಕತ್ತೆಯಲ್ಲಿ ಹಸುವಿನಿಂದ ಕೊನೆಯ ಹನಿಯನ್ನೂ ಹಿಂಡುವುದಕ್ಕಾಗಿ ಮಾಡುತ್ತಿದ್ದ ಕ್ರೂರ ಕ್ರಿಯೆಯನ್ನು ಓದಿದುದೂ ಇದಕ್ಕೆ ಒಂದು ಕಾರಣ. ಮುಂದೆ ಅದು ವ್ರತವಾಯಿತು.

ಇನ್ನು ನಮ್ಮ ಅಹಮದಾಬಾದಿಗೆ ಬರೋಣ. 1915ರಲ್ಲಿ ಕೋಚರಬಿನಲ್ಲಿ ಆಶ್ರಮ. 1917ರಲ್ಲಿ ಸಾಬರಮತಿಯ ದಡಕ್ಕೆ ವರ್ಗ. 1918ರ ಮಾರ್ಚಿಯಲ್ಲಿ ಗಿರಣಿಯ ಕೆಲಸಗಾರರು ನೂರಕ್ಕೆ 35ರ ಹೆಚ್ಚಳ ಕೇಳಿ ಹೂಡಿದ್ದ ಹೋರಾಟದಲ್ಲಿ ಧೈರ್ಯಗುಂದಿದಾಗ ಅವರು ಉಪವಾಸ ಹಿಡಿದರು. ಮೂರು ದಿನಗಳಲ್ಲಿ ಒಪ್ಪಂದವಾಯಿತು. ಅದೇ ವರ್ಷ ಅವರು ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸಲು ನಡೆದಾಡುತ್ತಿದ್ದರು. ಅಹಿಂಸೆಯ ಪ್ರವರ್ತಕರು ಈ ಕೆಲಸವನ್ನು ಏಕೆ ಕೈಕೊಂಡರೆಂಬುದು ಇಂದಿಗೂ ಚರ್ಚೆಯ ವಿಷಯ. ಊಟವೆಂದರೆ ಅರೆದ ಶೇಂಗಾ ಬೆಣ್ಣೆಯೂ ನಿಂಬೆಯ ರಸವೂ. ಶೇಂಗಾದಲ್ಲಿ ಕೊಬ್ಬು ಬಹಳ; ಯಕೃತ್ತಿನಿಂದ ಬರುವ ಪಿತ್ತರಸವು ಅದನ್ನು ಸಣ್ಣ ಹನಿಗಳಾಗಿ ಒಡೆದ ಮೇಲೆಯೇ ಮೇದೋಜೀರಕದ ರಸವು ಅದನ್ನು ಅರಗಿಸಬಲ್ಲುದು. ಅತಿಯಾಗಿ ತಿಂದು ಅವರ ಹೊಟ್ಟೆ ಸ್ವಲ್ಪ ಕೆಟ್ಟಿತು. ಅವರು ಅದನ್ನು ಲೆಕ್ಕಿಸಲಿಲ್ಲ.

ಆಶ್ರಮದಲ್ಲಿ ಅಂದು ಒಂದು ಹಬ್ಬ. ಮಧ್ಯಾಹ್ನ ಏನೂ ಬೇಡವೆಂದು ಕಸ್ತೂರಬಾ ಅವರಿಗೆ ಹೇಳಿದ್ದರು. ಆದರೆ ಆಕೆ ತುಪ್ಪದ ಬದಲು ಎಣ್ಣೆ ಹಾಕಿ ಗೋಧಿಯ ಸಿಹಿ ಗಂಜಿಯನ್ನು ಇವರಿಗಾಗಿಯೇ ಮಾಡಿದ್ದರು; ಒಂದು ಬಟ್ಟಲು ಹೆಸರುಕಾಳನ್ನೂ ತೆಗೆದಿರಿಸಿದ್ದರು. ಹೆಂಡತಿಯ ಮನಸ್ಸಿಗೆ ಸ್ವಲ್ಪ, ನಾಲಗೆಗೆ ಸ್ವಲ್ಪ ಎಂದು ಕೂತವರು ಹೊಟ್ಟೆತುಂಬ ತಿಂದುಬಿಟ್ಟರು. ಒಂದು ಗಂಟೆಯೊಳಗೆ ಆಮಶಂಕೆ ಕಾಣಿಸಿಕೊಂಡಿತು. ಆ ರಾತ್ರಿಯೇ ನಡಿಯಾದಕ್ಕೆ ಹೋಗಬೇಕಿತ್ತು. ಆಶ್ರಮದಿಂದ ಸಾಬರಮತಿ ಸ್ಟೇಷನ್ನಿಗೆ ಹತ್ತು ಫರ್ಲಾಂಗು. ಆ ಹತ್ತು ಫರ್ಲಾಂಗು ಅವರಿಗೆ ಹತ್ತು ಹರದಾರಿಯಾಯಿತು. ನಡಿಯಾದದಲ್ಲಿ ದಿನಕ್ಕೆ 30ರಿಂದ 40 ಸಲ ಭೇದಿ. ವೈದ್ಯರು ಬಂದರು, ಔಷಧವನ್ನು ಒಲ್ಲೆನೆಂದರು, ಸೂಜಿಮದ್ದನ್ನೂ ಒಲ್ಲೆನೆಂದರು.

ಇಲ್ಲಿ ಸ್ವಲ್ಪ ನಿಂತು ಕರುಳಿನೊಳಗೆ ಇಣಿಕೋಣ. ಸಣ್ಣ ಕರುಳು ಸುಮಾರು ಆರು ಮೀಟರು; ಅದರ ಒಳಮೈಯಲ್ಲಿ ಮಖಮಲ್ಲಿನ ಎಳೆಗಳಂತೆ ಲಕ್ಷಾಂತರ ಬೆರಳುಗಳಿವೆ. ಅನ್ನದ ಸಕ್ಕರೆಯೂ ಕಾಳಿನ ಸತ್ತ್ವವೂ ರಕ್ತಕ್ಕೆ ಸೇರುವುದು ಈ ಬೆರಳುಗಳ ಮೂಲಕ. ಆಮಶಂಕೆಯಲ್ಲಿ ರೋಗಾಣುಗಳು ಮುಖ್ಯವಾಗಿ ದೊಡ್ಡ ಕರುಳಿನ ಒಳಪೊರೆಯನ್ನು ಹುಣ್ಣುಮಾಡುತ್ತವೆ. ನೀರನ್ನು ಹೀರಬೇಕಾದ ಕರುಳು ಹೀರಲಾರದೆ ಹೋಗುತ್ತದೆ. ನೀರಿನ ಜೊತೆಗೆ ಉಪ್ಪೂ ಹರಿದುಹೋಗುತ್ತದೆ. ರೋಗಾಣುವು ಒಂದು ಗಂಟೆಯಲ್ಲಿ ಬೆಳೆಯಲಾರದು. ಆದುದರಿಂದ ಬಾ ಅವರ ಗಂಜಿ ನಿರಪರಾಧಿಯೆಂದೇ ನಮ್ಮ ಅಭಿಪ್ರಾಯ. ಬೀಜ ಮೊದಲೇ ಹೊಟ್ಟೆಯಲ್ಲಿದ್ದಿರಬೇಕು. ಇಂಥ ಹೊತ್ತಿನಲ್ಲಿ ಸಕ್ಕರೆಯನ್ನೂ ಉಪ್ಪನ್ನೂ ಸರಿಯಾದ ಪ್ರಮಾಣದಲ್ಲಿ ನೀರಿಗೆ ಬೆರಸಿ ಕುಡಿಸಿದರೆ, ಸಕ್ಕರೆಯು ಉಪ್ಪಿನ ಕೈ ಹಿಡಿದು ಸಣ್ಣ ಕರುಳಿನ ಗೋಡೆಯನ್ನು ದಾಟುತ್ತದೆ, ನೀರು ಅವುಗಳ ಹಿಂದೆ ಹೋಗುತ್ತದೆ. ಇದು 1960ರ ದಶಕದಲ್ಲಿ ಸಿದ್ಧವಾದ ಚಿಕಿತ್ಸೆ. ಗಾಂಧೀಜಿಯವರಿಗೆ ಅದನ್ನು ಕೊಡಬಲ್ಲವರು ಅಂದು ಯಾರೂ ಇರಲಿಲ್ಲ. ಮೇಲಾಗಿ ಅವರು ಮೊದಲು ಹಣ್ಣಿನ ರಸವನ್ನು ಕೂಡ ಮುಟ್ಟದೆ ಉಪವಾಸವಿದ್ದರು.

ಗಿರಣಿಯ ಜಗಳದಲ್ಲಿ ಎದುರಾಳಿಯಾಗಿದ್ದ ಅಂಬಾಲಾಲ ಸಾರಾಭಾಯಿಯವರೇ ಅವರನ್ನು ಅಹಮದಾಬಾದಿನ ಮಿರ್ಜಾಪುರದ ತಮ್ಮ ಬಂಗಲೆಗೆ ಕರೆತಂದು ಆರೈಕೆ ಮಾಡಿದರು. ಬಳಿಕ ಆಶ್ರಮಕ್ಕೆ ಬಂದರು. ಒಂದು ರಾತ್ರಿ ತಾವು ಉಳಿಯಲಾರೆವೆಂದೇ ಬಗೆದರು. ಉಳಿದರು, ಆದರೆ ಮೈಯಲ್ಲಿ ಮಾಂಸವಿರಲಿಲ್ಲ. 1919ರ ಜನವರಿಯಲ್ಲಿ ಮುಂಬಯಿಯ ಡಾಕ್ಟರ್ ದಲಾಲರು ಅವರ ಗುದದ ಬಿರುಕಿಗೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಹಾಲಿಲ್ಲದೆ ದೇಹವನ್ನು ತುಂಬಲಾಗದೆಂದು ದಲಾಲರು ಹೇಳಿದರು. ವ್ರತವಿದೆಯಲ್ಲ ಎಂದರು ರೋಗಿ. ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದುದು ಹಸುವೂ ಎಮ್ಮೆಯೂ ತಾನೆ, ಆಡಿನ ಹಾಲಿಗೆ ಏನು ಅಡ್ಡಿಯೆಂದು ಮಂಚದ ಬಳಿ ನಿಂತಿದ್ದ ಕಸ್ತೂರಬಾ ಅವರು ಕೇಳಿದರು. ಅವರು ಒಪ್ಪಿದರು. ವ್ರತದ ಅಕ್ಷರವನ್ನು ಉಳಿಸಿಕೊಂಡು ಅದರ ಆತ್ಮವನ್ನು ಕಳೆದೆನೆಂದು ಮುಂದೆ ಬಹಳ ಕಾಲ ಕೊರಗಿದರು. ನಮ್ಮ ಮಟ್ಟಿಗೆ ಬಾ ಅವರ ಪಕ್ಷವೇ ಸರಿ. ಗೋಡೆ ಕುಸಿಯುತ್ತಿರುವಾಗ ಕಲ್ಲು ಯಾವ ಗಣಿಯದೆಂದು ಕೇಳುತ್ತ ಕೂರಲಾದೀತೆ? ರಾಜಕೋಟೆಯಲ್ಲಿ ಹೊಟ್ಟೆಯೊಳಗೆ ಅರಚಿದ ಆ ಪ್ರಾಣಿಯ ಹಾಲೇ ಕೊನೆಗೆ ಅವರ ಜೀವವನ್ನು ಉಳಿಸಿತು.

1924ರ ಜನವರಿಯಲ್ಲಿ ಯರವಡಾ ಸೆರೆಮನೆಯಲ್ಲಿದ್ದಾಗ ಹೊಟ್ಟೆ ನೋವು, ಜ್ವರ. ಸಣ್ಣ ಕರುಳು ದೊಡ್ಡ ಕರುಳಿಗೆ ಕೂಡುವೆಡೆಯಲ್ಲಿ, ಹೊಟ್ಟೆಯ ಬಲಗಡೆಯ ಕೆಳಭಾಗದಲ್ಲಿ, ಬೆರಳಿನಂಥ ಅಪೆಂಡಿಕ್ಸ್ ನೇತಾಡುತ್ತದೆ. ಅದು ಊದಿ ಒಡೆದರೆ ಕೀವು ಹೊಟ್ಟೆಯೊಳಗೆಲ್ಲ ಹರಡಿ ಪ್ರಾಣಕ್ಕೆ ಮುಳುವಾಗುತ್ತದೆ. 12ರ ರಾತ್ರಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಎಂಬ ಇಂಗ್ಲಿಷ್ ವೈದ್ಯರು ಅದನ್ನು ಕತ್ತರಿಸಿ ತೆಗೆದರು. ನಡುವೆ ವಿದ್ಯುಚ್ಛಕ್ತಿ ಹೋಗಿ, ಉಳಿದ ಕೆಲಸ ಲಾಟೀನಿನ ಬೆಳಕಿನಲ್ಲಿ ಮುಗಿಯಿತು. ಪಾಶ್ಚಾತ್ಯ ವೈದ್ಯವನ್ನು ಕಟುವಾಗಿ ಬೈದು ಬರೆದವರು ಅಂದು ಮಣ್ಣಿನ ಪಟ್ಟಿಯನ್ನು ಕೇಳಲಿಲ್ಲ. ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿದರು. ಅದೇ ವರ್ಷದ ಕೊನೆಗೆ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1927ರಲ್ಲಿ ರಕ್ತದ ಒತ್ತಡ ಏರಿ ಕುಸಿದಾಗ ವಿಶ್ರಾಂತಿಗೆ ಬಂದುದೂ ಕನ್ನಡನಾಡಿನ ನಂದಿಬೆಟ್ಟಕ್ಕೆ.

1930ರ ದಂಡಿಯಾತ್ರೆಯಲ್ಲಿ ಸೂರತ್ತಿನ ಸೀಮೆಯನ್ನು ದಾಟುವಾಗ, ಹಾಲು ತರಲು ಮೋಟಾರನ್ನು ಸೂರತ್ತಿಗೆ ಓಡಿಸಿದರೆಂದು ತಿಳಿದು, ಭಾಟಗಾಮಿನಲ್ಲಿ ಸಂಗಡಿಗರನ್ನೂ ತಮ್ಮನ್ನೂ ಎಲ್ಲರೆದುರಿಗೆ ಖಂಡಿಸಿದರು.

1943ರಲ್ಲಿ, 73ನೆಯ ವಯಸ್ಸಿನಲ್ಲಿ, ಆಗಾಖಾನ್ ಅರಮನೆಯ ಸೆರೆಯಲ್ಲಿ 21 ದಿನಗಳ ಉಪವಾಸ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಸುಮಾರು ಒಂದು ದಿನಕ್ಕೆ ಸಾಲುತ್ತದೆ. ಆಮೇಲೆ ದೇಹವು ತನ್ನ ಕೊಬ್ಬನ್ನು ಉರಿಸುತ್ತದೆ. ಅದೂ ಸವೆದಂತೆ ಸ್ನಾಯುಗಳನ್ನೇ ತಿನ್ನತೊಡಗುತ್ತದೆ. ನೀರೂ ಗಂಟಲಿನಲ್ಲಿ ಇಳಿಯದೆ ವೈದ್ಯರು ಆಸೆ ಬಿಟ್ಟರು. ನೀರಿಗೆ ಮೋಸಂಬಿಯ ರಸವನ್ನು ಸ್ವಲ್ಪ ಬೆರಸಿ ಕುಡಿಯಲು ಒಪ್ಪಿದ ಮೇಲೆ ಚೇತರಿಸಿಕೊಂಡರು. ಅದೇ ಸೆರೆಯಲ್ಲಿ ಅವರು ಆರೋಗ್ಯದ ಬಗೆಗೆ ಒಂದು ಚಿಕ್ಕ ಪುಸ್ತಕವನ್ನು ಬರೆದರು. ಅದೇ ಸೆರೆಯಲ್ಲಿ 1944ರ ಫೆಬ್ರವರಿಯಲ್ಲಿ ಕಸ್ತೂರಬಾ ಅವರು ತೀರಿಕೊಂಡರು.

1948ನೆಯ ಜನವರಿ 30ರಂದು ದೆಹಲಿಯಲ್ಲಿ ಸಂಜೆ ನಾಲ್ಕೂವರೆಗೆ ಅವರಿಗೆ ಊಟ ಬಂದಿತು: ಆಡಿನ ಹಾಲು, ಬೇಯಿಸಿದ ಮತ್ತು ಹಸಿಯ ತರಕಾರಿ, ಕಿತ್ತಳೆ, ಶುಂಠಿ ನಿಂಬೆಗಳ ಕಷಾಯ. ಸರದಾರ ಪಟೇಲರೊಡನೆ ಮಾತನಾಡುತ್ತ ಉಂಡರು. ಐದು ಗಂಟೆ ದಾಟಿದ ಮೇಲೆ ಪ್ರಾರ್ಥನೆಗೆಂದು ಎದ್ದರು. ಅಂಥ ಊಟ ಜಠರವನ್ನು ಬಿಟ್ಟು ಪೂರ್ತಿಯಾಗಿ ಸಣ್ಣ ಕರುಳಿಗೆ ಇಳಿಯಲು ಮೂರು ನಾಲ್ಕು ಗಂಟೆ ಬೇಕು. ಗುಂಡು ತಗುಲಿದುದು ಐದು ಗಂಟೆ ಹದಿನೇಳು ನಿಮಿಷಕ್ಕೆ.